ಮನೆಯ ಕೋವಿ: ಶಾಸನ ಮತ್ತು ಶ್ರಾವಕಾಚಾರ

ಕಳೆದ ವರ್ಷ ಚಾತುರ್ಮಾಸಕ್ಕೆ ಮುನ್ನ ನಮ್ಮ ತಾಯಿಮನೆಯಲ್ಲಿ ಒಂದು ಕುಟುಂಬ ಸಭೆ ನಡೆಯಿತು. ಮನೆಯ ಹಿರಿಯರಾದ ಸೋದರಮಾವನವರಿಗೆ ಎಪ್ಪತ್ತು ದಾಟಿ ಕೆಲವು ವರ್ಷಗಳಾಗಿವೆ. ಅವರ ಹೆಸರಿನಲ್ಲಿರುವ ಜೋಡು ನಳಿಗೆಯ ಕೋವಿಯ ಪರವಾನಗಿಯ ಅವಧಿ ಮುಗಿಯುತ್ತ ಬಂದಿತ್ತು. ಅದನ್ನು ಮುಂದುವರಿಸಬೇಕೆ, ಮುಂದುವರಿಸುವುದಾದರೆ ಯಾರ ಹೆಸರಿಗೆ, ಯಾವ ಆಯುಧಕ್ಕೆ ಎಂಬುದು ಪ್ರಶ್ನೆ. ಮನೆ ತೋಟದ ನಡುವೆ ಒಂಟಿಯಾಗಿದೆ; ಹತ್ತಿರದ ಮನೆಗೆ ಕೂಗಿದರೆ ಕೇಳಿಸದು. ಅಲ್ಲಿ ವಾಸವಾಗಿರುವ ಅಳಿಯ, ಹಳೆಯ ಕೋವಿಯನ್ನು ಬಿಟ್ಟು ಒಂದು ರಿವಾಲ್ವರ್ ಕೊಳ್ಳುವ ವಿಚಾರದಲ್ಲಿದ್ದ. ಇನ್ನೊಬ್ಬರು ರೈಫಲ್ ಉತ್ತಮವೆಂದರು. ನಮ್ಮ ಭಾವನವರು ಮಾತ್ರ, ಜಿನಬಿಂಬವಿರುವ ಮನೆಯಲ್ಲಿ ಕೋವಿಯೇ ಬೇಡವೆಂದು ಖಂಡಿತವಾಗಿ ಹೇಳಿದರು. ಶ್ರಾವಕಾಚಾರದ ಬಗ್ಗೆ ಅಷ್ಟಿಷ್ಟು ಬರೆದಿರುವ ಅಪರಾಧಕ್ಕಾಗಿ ತೀರ್ಪು ಹೇಳುವ ಹೊಣೆ ನನ್ನ ಮೇಲೆ ಬಿತ್ತು. ಅಂದು ನಾನು ಏನನ್ನೂ ಹೇಳಲಿಲ್ಲ. ಅನಂತರದ ತಿಂಗಳುಗಳಲ್ಲಿ ಓದಿ ತಿಳಿದುಕೊಂಡುದನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ಮಲೆನಾಡು ಕರಾವಳಿಗಳ ಅನೇಕ ಜೈನ ಮನೆಗಳಲ್ಲಿ ಇದೇ ಪ್ರಶ್ನೆ ಗೋಡೆಯ ಗೂಟಕ್ಕೆ ತೂಗಿಕೊಂಡಿದೆ ಎಂಬ ನಂಬಿಕೆ ನನ್ನದು.

ಇಂತಹ ಚರ್ಚೆ ಬಂದಾಗ ನಮ್ಮವರು ಮೊದಲು ಹೆಸರಿಸುವುದು ಚಾವುಂಡರಾಯನನ್ನು. ಗಂಗರ ಮಾರಸಿಂಹ, ರಾಚಮಲ್ಲರ ಬಳಿ ಮಂತ್ರಿಯೂ ಸೇನಾಪತಿಯೂ ಆಗಿದ್ದು, ಸಮರಪರಶುರಾಮ, ವೀರಮಾರ್ತಂಡ ಮೊದಲಾದ ಬಿರುದುಗಳನ್ನು ಪಡೆದವನೇ ಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ; 978ರಲ್ಲಿ ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನೂ ಬರೆದ. ಎರಡನೆಯ ಹೆಸರು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನದು. ತಲಕಾಡನ್ನು ಚೋಳರಿಂದ ಬಿಡಿಸಿದ ಈತ, ಅರಸನಿಂದ ಬಹುಮಾನವಾಗಿ ಪಡೆದ ಗೋವಿಂದವಾಡಿಯನ್ನು ಗೊಮ್ಮಟದೇವರ ಪೂಜೆಗೆ ಬಿಟ್ಟುಕೊಟ್ಟನು. ಇವರನ್ನು ಮುಂದಿಟ್ಟು, ಜೈನಧರ್ಮವು ಆಯುಧವನ್ನು ನಿಷೇಧಿಸಿಲ್ಲವೆಂದು ಸಾಧಿಸುವುದು ಸುಲಭ. ಆದರೆ ಈ ಉದಾಹರಣೆಯನ್ನು ನಾವು ತೀರ ಅಗ್ಗವಾಗಿ ಬಳಸುತ್ತಿದ್ದೇವೆಂದು ನನಗೆ ತೋರುತ್ತದೆ. ಚಾವುಂಡರಾಯನ ಕೈಯಲ್ಲಿದ್ದುದು ರಾಜ್ಯದ ಖಡ್ಗ. ಅದು ಅವನ ಅಧಿಕಾರದ ಅಂಗವಾಗಿತ್ತು. ನಮ್ಮ ಅಳಿಯ ಕೊಳ್ಳಬೇಕೆಂದಿರುವುದು ತಲೆದಿಂಬಿನ ಕೆಳಗಿಡುವ ರಿವಾಲ್ವರ್. ಸೋಮದೇವಸೂರಿಗಳು 959ರಲ್ಲಿ ಮುಗಿಸಿದ ಯಶಸ್ತಿಲಕದಲ್ಲಿ ಅರಸರಿಗೂ ಒಂದು ಮಿತಿಯನ್ನು ಹಾಕಿದ್ದಾರೆ: ರಣರಂಗದಲ್ಲಿ ಆಯುಧವೆತ್ತಿ ನಿಂತ ಶತ್ರು, ನಾಡಿಗೆ ಕಂಟಕನಾದವನು, ಇವರ ಮೇಲಷ್ಟೇ ಅಸ್ತ್ರ, ದೀನರ ಮೇಲಾಗಲಿ ಸದಾಶಯರ ಮೇಲಾಗಲಿ ಸಲ್ಲದು. ಅರಸನಿಗೇ ಇಷ್ಟು ಕಟ್ಟುಪಾಡಿರುವಾಗ ಗೃಹಸ್ಥನಿಗೆ ಇನ್ನೆಷ್ಟಿರಬೇಕು!

ಗೃಹಸ್ಥರೂ ಬಸದಿಗಳೂ ಹಿಂದೆ ತಮ್ಮ ರಕ್ಷಣೆಗೆ ಏನು ಮಾಡಿಕೊಂಡಿದ್ದರು ಎಂಬುದಕ್ಕೆ ಶ್ರವಣಬೆಳಗೊಳದ 1368ರ ಶಾಸನಕ್ಕಿಂತ ಉತ್ತಮವಾದ ಸಾಕ್ಷಿ ನನಗೆ ಕಂಡಿಲ್ಲ. ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ವಿವಾದವಾಗಿ, ಜೈನರು ವಿಜಯನಗರದ ಬುಕ್ಕರಾಯನಲ್ಲಿ ದೂರಿತ್ತರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿದ ಭಾಗವನ್ನು ನಾವೆಲ್ಲ ಬಲ್ಲೆವು; ಸಭೆಗಳಲ್ಲಿ ಅದನ್ನು ಹೇಳುತ್ತಲೇ ಇರುತ್ತೇವೆ. ಅದರ ಮುಂದಿನ ಏರ್ಪಾಡನ್ನು ಗಮನಿಸುವವರು ಕಡಮೆ. ರಾಜ್ಯದಲ್ಲಿರುವ ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಇದನ್ನು ನಡೆಸುವ ಹೊಣೆ ತಿರುಮಲೆಯ ತಾತಯ್ಯನದು, ಎಂದರೆ ಎದುರುಪಕ್ಷದ ಹಿರಿಯನದೇ. ಭಯ ನಿಜವಾಗಿದ್ದ ಕಾಲದಲ್ಲಿ ನಮ್ಮ ಪೂರ್ವಿಕರು ಮನೆಗೊಂದು ಕತ್ತಿಯನ್ನು ಬೇಡಲಿಲ್ಲ. ಮನೆಗೊಂದು ಹಣ ಕೊಟ್ಟು, ಎಚ್ಚರವಾಗಿರುವ 20 ಮಂದಿಯನ್ನು ಪಡೆದರು. ಕಾವಲಿನ ಹೊಣೆಯನ್ನು ನೆರೆಯವನ ಮಾನಕ್ಕೆ ಕಟ್ಟಿದರು. ಈ ಏರ್ಪಾಡಿನ ವ್ಯವಹಾರಜ್ಞಾನಕ್ಕೆ ಇಂದಿಗೂ ತಲೆಬಾಗಬೇಕು.

ಇನ್ನು ಕೋವಿಯ ಕಾಲಕ್ಕೆ ಬರೋಣ. ಇಂದು ನಾವು ಎದುರಿಸುವ ಪರವಾನಗಿಯ ಕಟ್ಟಳೆಗಳ ಮೂಲ 1857ರ ದಂಗೆಯಲ್ಲಿದೆ. ಅದರ ಬೆನ್ನಿಗೆ 1860ರಲ್ಲಿ ಒಂದು ಆಯುಧ ಶಾಸನ ಬಂದಿತು. ವೈಸರಾಯ್ ಲಿಟ್ಟನ್ನನ ಕಾಲದಲ್ಲಿ, 1878ರಲ್ಲಿ, ಇನ್ನೂ ಬಿಗಿಯಾದ ಮತ್ತೊಂದು. ಪರವಾನಗಿಯಿಲ್ಲದೆ ಭಾರತೀಯನು ಆಯುಧವನ್ನು ಇಟ್ಟುಕೊಳ್ಳಲಾಗದು. ಯುರೋಪಿಯನ್ನರಿಗೆ ಮಾತ್ರ ವಿನಾಯಿತಿ. ಈ ಅವಮಾನವೇ ಆ ಕಾಲದ ರಾಷ್ಟ್ರೀಯ ನಾಯಕರನ್ನು ಹೆಚ್ಚು ಚುಚ್ಚಿದ್ದು. ಶ್ರೀಮದ್ ರಾಜಚಂದ್ರರಿಗೆ ಪತ್ರ ಬರೆದು, ಹಾವು ಕಚ್ಚಲು ಬಂದರೆ ಕಚ್ಚಿಸಿಕೊಳ್ಳಬೇಕೇ, ಕೊಲ್ಲಬೇಕೇ ಎಂದು ಕೇಳಿದ್ದ ಗಾಂಧೀಜಿಯವರೇ, 1918ರಲ್ಲಿ ಖೇಡಾದ ಸೈನ್ಯಭರ್ತಿಯ ಕರಪತ್ರದಲ್ಲಿ, ಇಡೀ ಜನಾಂಗವನ್ನು ನಿರಾಯುಧಗೊಳಿಸಿದ ಆ ಶಾಸನವನ್ನು ಬ್ರಿಟಿಷರ ದುಷ್ಕೃತ್ಯಗಳಲ್ಲಿ ಅತ್ಯಂತ ಕರಾಳವಾದುದೆಂದು ಖಂಡಿಸಿದರು. ಅಹಿಂಸೆಯನ್ನು ಒಬ್ಬನು ತಾನಾಗಿ ಆರಿಸಿಕೊಳ್ಳುವುದು ಬೇರೆ, ಇನ್ನೊಬ್ಬನು ಬಲವಂತವಾಗಿ ಕೈ ಬರಿದು ಮಾಡುವುದು ಬೇರೆ ಎಂಬ ವಿವೇಕ ಆ ಮಾತಿನ ಹಿಂದಿದೆ.

1931ರ ಕರಾಚಿ ಕಾಂಗ್ರೆಸ್ ಅಧಿವೇಶನವು ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ಕಟ್ಟಳೆಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕನ್ನೂ ಸೇರಿಸಿತ್ತು. ಸ್ವಾತಂತ್ರ್ಯ ಬಂದ ಮೇಲೆ ಅದು ಸಂವಿಧಾನಕ್ಕೆ ಬರಬೇಕಿತ್ತಲ್ಲವೆ? 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಇದನ್ನು ತಿದ್ದುಪಡಿಯಾಗಿ ಮಂಡಿಸಿದವರು ಹರಿ ವಿಷ್ಣು ಕಾಮತ್. ಅವರು ಮಂಗಳೂರಿನಲ್ಲಿ ಹುಟ್ಟಿದವರೆಂಬುದು ನಮ್ಮ ಕಡೆಯವರಿಗೆ ಕುತೂಹಲದ ಸಂಗತಿ. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಪರಕೀಯರು ಎಲ್ಲರ ಆಯುಧವನ್ನು ಕಸಿದಿದ್ದ ಕಾಲದ ಬೇಡಿಕೆ ಅದು, ಈಗ ಪರಿಸ್ಥಿತಿ ಬದಲಾಗಿದೆ; ಇದು ಮೂಲಭೂತ ಹಕ್ಕಾದರೆ ಅಪರಾಧವನ್ನೇ ವೃತ್ತಿಯಾಗಿ ಮಾಡಿಕೊಂಡವನೂ ಆಯುಧ ಕೇಳಿಯಾನು, ರಾಜ್ಯವು ತಡೆಯಲಾರದು ಎಂಬುದು ಅವರ ವಾದದ ಸಾರ. ತಿದ್ದುಪಡಿ ಬಿದ್ದುಹೋಯಿತು. ಹೀಗಾಗಿ ನಮ್ಮ ದೇಶದಲ್ಲಿ ಕೋವಿಯು ಹಕ್ಕಲ್ಲ, ಅನುಮತಿ.

ಆ ಅನುಮತಿಯ ಸ್ವರೂಪವನ್ನು ನಿರ್ಧರಿಸಿದ್ದು 1959ರ ಆಯುಧ ಅಧಿನಿಯಮ. 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಈ ಕಾನೂನಿನ 13ನೆಯ ಕಲಮನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ಗೃಹರಕ್ಷಣೆಗೆ ಯಾವ ಆಯುಧ ಎಂಬ ಪ್ರಶ್ನೆಗೆ ಶಾಸನವೇ ಒಂದು ಉತ್ತರವನ್ನು ಕೊಟ್ಟುಬಿಟ್ಟಿದೆ. ನಳಿಗೆಯ ಉದ್ದ 20 ಅಂಗುಲಕ್ಕೆ ಕಡಮೆಯಿಲ್ಲದ, ಒಳಗೆ ಸುರುಳಿ ಗೆರೆಗಳಿಲ್ಲದ ನುಣುಪು ನಳಿಗೆಯ ಕೋವಿಯನ್ನು ರಕ್ಷಣೆಗಾಗಿ ಕೇಳುವ ನಾಗರಿಕನಿಗೆ, ಬೇರೆ ಅಡ್ಡಿಗಳಿಲ್ಲದಿದ್ದರೆ, ಪರವಾನಗಿ ಕೊಡತಕ್ಕದ್ದು. ಬೆಳೆಯ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿಗೂ ಹಾಗೆಯೇ. ರಿವಾಲ್ವರ್, ಪಿಸ್ತೂಲು, ರೈಫಲ್‌ಗಳಿಗಾದರೆ ಅರ್ಜಿದಾರನಲ್ಲಿ ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣಕ್ಕೆ ಯಾರಿಗೂ ನಿರಾಕರಿಸಕೂಡದೆಂದು 14ನೆಯ ಕಲಮು ಹೇಳುತ್ತದೆ. ಬಡವನ ಪ್ರಾಣಕ್ಕೂ ಬೆಲೆಯುಂಟೆಂದು ಒಪ್ಪಿಕೊಂಡ ಈ ಸಾಲಿಗಾಗಿ ಕಾನೂನು ರಚಿಸಿದವರನ್ನು ಮೆಚ್ಚಬೇಕು. ಮೊದಲು ಒಬ್ಬನಿಗೆ ಮೂರು ಆಯುಧಗಳವರೆಗೆ ಅವಕಾಶವಿತ್ತು. 2019ರ ತಿದ್ದುಪಡಿ ಅದನ್ನು ಎರಡಕ್ಕಿಳಿಸಿ, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿದೆ. ಅದು ಅವರ ಸಂಪ್ರದಾಯಕ್ಕೆ ಸಂಬಂಧಿಸಿದ್ದು, ನಮಗೆ ಅನ್ವಯಿಸದು.

ಮಾರುಕಟ್ಟೆಯೂ ಈ ಕಾನೂನಿನ ಅಚ್ಚಿನಲ್ಲೇ ರೂಪುಗೊಂಡಿದೆ. ಸೇನೆ ಪೊಲೀಸರು ಬಳಸುತ್ತಿದ್ದ .303 ಮೊದಲಾದ ಅಳತೆಗಳು ಸಾಮಾನ್ಯ ಜನರಿಗೆ ನಿಷಿದ್ಧ. ಆದುದರಿಂದಲೇ ಇಛಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲ್, ಕಾನ್ಪುರದ .32 ರಿವಾಲ್ವರ್ ಜನರ ಬಾಯಲ್ಲಿ ಉಳಿದವು. ನಮ್ಮ ಮನೆಗಳಲ್ಲಿರುವುದಾದರೋ ಹೆಚ್ಚಾಗಿ ಹನ್ನೆರಡು ಬೋರಿನ ತೋಟೆ ಕೋವಿ, ಇಲ್ಲವೇ ಅಜ್ಜಂದಿರ ಕಾಲದ ಕೇಪಿನ ಕೋವಿ.

ಈಗ ನಮ್ಮ ಅಳಿಯನ ರಿವಾಲ್ವರನ್ನು ಈ ಹಳೆಯ ಕೋವಿಯ ಪಕ್ಕದಲ್ಲಿಟ್ಟು ನೋಡೋಣ. ರಿವಾಲ್ವರ್ ಚಿಕ್ಕದು, ಸೊಂಟದಲ್ಲಿ ಅಡಗುತ್ತದೆ, ಕತ್ತಲೆಯಲ್ಲಿ ಕೈಗೆ ಬೇಗ ಬರುತ್ತದೆ. ಇದು ಅವನ ವಾದ. ನನಗೆ ಆತಂಕವಾಗುವುದೂ ಇದರಿಂದಲೇ. ಸೊಂಟದಲ್ಲಿ ಅಡಗುವ ಆಯುಧ ಮನೆಯಲ್ಲಿ ನಿಲ್ಲುವುದಿಲ್ಲ. ಅದು ಯಜಮಾನನೊಡನೆ ಪೇಟೆಗೆ, ಮದುವೆಗೆ, ಗಡಿ ತಕರಾರಿನ ಪಂಚಾಯಿತಿಗೆ ಹೋಗುತ್ತದೆ; ಅಲ್ಲಿ ಕ್ರೋಧ ಮಾನಗಳಿಗೆ ಕೈಗೂಸಾಗುತ್ತದೆ. ಮಗುವಿನ ಕೈಗೆ ಎಟುಕುವುದೂ ಸುಲಭ. ಅಭ್ಯಾಸವಿಲ್ಲದವನು ಗಾಬರಿಯಲ್ಲಿ ಹಾರಿಸಿದರೆ ಗುರಿ ತಪ್ಪುವ ಸಂಭವವೇ ಹೆಚ್ಚು. ರೈಫಲಿನ ಮಾತು ಬೇರೆ: ಅದರ ಗುಂಡು ಹಲಗೆಯ ಗೋಡೆಯನ್ನು ದಾಟಿ, ತೋಟವನ್ನು ದಾಟಿ, ಕೂಲಿಯಾಳುಗಳ ಬಿಡಾರದವರೆಗೂ ಪ್ರಾಣಾಪಾಯಕಾರಿಯಾಗಿ ಹೋಗಬಲ್ಲುದು. ಮನೆಯ ಅಂಗಳದ ಪ್ರಮಾಣಕ್ಕೆ ಅದು ಸಲ್ಲದ ಆಯುಧ. ತೋಟೆ ಕೋವಿಯ ಚರೆಗಳು ಹತ್ತಿರದಲ್ಲಿ ಭೀಕರವೇ. ಆದರೆ ದೂರ ಹೋದಂತೆ ಹರಡಿ ಬೇಗ ಬಲಗುಂದುತ್ತವೆ. ಉದ್ದ ನಳಿಗೆಯನ್ನು ಮರೆಮಾಚಲಾಗದು, ಜೇಬಿನಲ್ಲಿಟ್ಟು ಮರೆಯಲಾಗದು. ಹಾರಿಸದೆಯೇ, ಕೇವಲ ಎತ್ತಿ ಹಿಡಿದರೆ ಎದುರಿನವನಿಗೆ ಕಾಣುತ್ತದೆ. ಎರಡು ಈಡಾದ ಮೇಲೆ ನಿಂತು ತೋಟೆ ತುಂಬಬೇಕು. ಲೋಕದ ದೃಷ್ಟಿಯಲ್ಲಿ ಇದು ದೋಷ. ಕೈ ತಡೆದು ಯೋಚಿಸಲು ಒಂದು ಕ್ಷಣ ದೊರೆಯುವುದು ಶ್ರಾವಕನ ದೃಷ್ಟಿಯಲ್ಲಿ ಗುಣವೇ ಸರಿ. ಇಡಲೇಬೇಕೆಂದಾದರೆ ಕಾನೂನು ಸುಲಭವಾಗಿ ಕೊಡುವ ಆ 20 ಅಂಗುಲದ ನಳಿಗೆಯೇ ನಮಗೂ ತಕ್ಕದ್ದೆಂದು ನಾನು ಈ ತುಲನೆಯಿಂದ ತೀರ್ಮಾನಿಸಿದೆ.

ಕೋವಿ ಇದ್ದ ಮಾತ್ರಕ್ಕೆ ಹಾರಿಸುವ ಅಧಿಕಾರ ಬರುವುದಿಲ್ಲವೆಂಬುದನ್ನೂ ಹೇಳಬೇಕು. ಆತ್ಮರಕ್ಷಣೆಯ ಹಕ್ಕು 1860ರ ದಂಡಸಂಹಿತೆಯಲ್ಲಿದ್ದುದು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೆಯ ಕಲಮುಗಳಲ್ಲಿದೆ. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡಕೂಡದು. ಸರ್ಕಾರಿ ಅಧಿಕಾರಿಗಳ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕೇ ಇಲ್ಲ. ಸೂರ್ಯಾಸ್ತದಿಂದ ಸೂರ್ಯೋದಯದವರೆಗಿನ ಮನೆಗನ್ನ, ದರೋಡೆ ಇತ್ಯಾದಿಗಳಲ್ಲಿ ಆ ಹಕ್ಕು ಪ್ರಾಣ ತೆಗೆಯುವವರೆಗೂ ಹೋಗಬಹುದು. ಬರಿಯ ಕಳವಿಗಾದರೆ, ಪ್ರಾಣಭಯ ಅಥವಾ ಘೋರ ಗಾಯದ ಭಯ ಯುಕ್ತವಾಗಿ ಹುಟ್ಟಿರಬೇಕು. ಒಂದು ಮೂಟೆ ಅಡಕೆ ಹೊತ್ತು ಬೇಲಿ ಹಾರಿ ಓಡುವವನ ಬೆನ್ನಿಗೆ ಹೊಡೆದ ಈಡನ್ನು ಯಾವ ನ್ಯಾಯಾಲಯದಲ್ಲೂ ಸಮರ್ಥಿಸುವುದು ಕಷ್ಟ. ವಿರೋಧಿ ಹಿಂಸೆಯೆಂದು ನಮ್ಮ ಪ್ರವಚನಗಳಲ್ಲಿ ಹೇಳುವುದೂ ಎದುರಿಸಿ ಬಂದವನ ವಿಷಯವನ್ನೇ ಹೊರತು ಬೆನ್ನು ತಿರುಗಿಸಿದವನದಲ್ಲ.

ಆದರೆ ನಮ್ಮ ಆಚಾರ್ಯರು ಹಾರಿಸುವ ಕ್ಷಣಕ್ಕಿಂತ ಇಟ್ಟುಕೊಳ್ಳುವ ವರ್ಷಗಳನ್ನು ಕುರಿತು ಹೆಚ್ಚು ಚಿಂತಿಸಿದ್ದಾರೆ. ಸಮಂತಭದ್ರರು ರತ್ನಕರಂಡಕದಲ್ಲಿ ಅನರ್ಥದಂಡದ ಐದು ಬಗೆಗಳಲ್ಲಿ ಹಿಂಸಾದಾನವನ್ನು ಎಣಿಸಿದರು: ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಆಯುಧ, ವಿಷ, ಸಂಕಲೆ ಮುಂತಾದ ಹಿಂಸೆಯ ಸಾಧನಗಳನ್ನು ಇನ್ನೊಬ್ಬರಿಗೆ ಕೊಡುವುದು. ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಬಿಲ್ಲು ಕತ್ತಿಗಳ ಸಾಲಿನಲ್ಲಿ ನೇಗಿಲನ್ನೂ ಸೇರಿಸಿದ್ದಾರೆ. ಬೇಸಾಯಗಾರ ಶ್ರಾವಕನು ನೇಗಿಲನ್ನು ಇಟ್ಟುಕೊಳ್ಳಲೇಬೇಕು. ಹಾಗೆಂದು ಅದನ್ನು ನಿರ್ದೋಷವೆಂದು ಭಾವಿಸಬಾರದೆಂಬ ಕಟ್ಟುನಿಟ್ಟು ಅಲ್ಲಿದೆ. ಹೇಮಚಂದ್ರರು ಯೋಗಶಾಸ್ತ್ರದಲ್ಲಿ ಆಯುಧದ ವ್ಯಾಪಾರವನ್ನು ವಿಷದ ವ್ಯಾಪಾರದೊಂದಿಗೆ ನಿಷೇಧಿಸಿದರು. ಇಂದಿನ ಶಾಸನವೂ ಇಲ್ಲಿಗೇ ಬಂದು ನಿಂತಿದೆ: ಪಡೆಯುವವನಿಗೆ ಆಯುಧ ಹೊಂದುವ ಅಧಿಕಾರವಿದೆಯೇ ಎಂದು ಖಚಿತಪಡಿಸಿಕೊಳ್ಳದೆ ಅದನ್ನು ಅವನ ವಶಕ್ಕೆ ಕೊಡುವುದು 1959ರ ಅಧಿನಿಯಮದ 29ನೆಯ ಕಲಮಿನಂತೆ ಅಪರಾಧ. ಹಂದಿ ಓಡಿಸಲು ಪಕ್ಕದ ಮನೆಯವನಿಗೆ ಒಂದು ರಾತ್ರಿಯ ಮಟ್ಟಿಗೆ ಕೋವಿ ಕೊಡುವ ನಮ್ಮ ಹಳ್ಳಿಗಳ ದಾಕ್ಷಿಣ್ಯ, ಆಚಾರ್ಯರಿಗೂ ಶಾಸನಕ್ಕೂ ಒಂದೇ ಬಗೆಯ ತಪ್ಪು.

ಉಮಾಸ್ವಾತಿಗಳು ಹಿಂಸೆಯ ಬೇರನ್ನು ಪ್ರಮಾದದಲ್ಲಿ ಕಂಡರು. ಆ ಸೂತ್ರವನ್ನು ನಾನು ಪಾಠಶಾಲೆಯಲ್ಲಿ ಕಂಠಸ್ಥ ಮಾಡಿದ್ದೆ; ಅದರ ಅರ್ಥ ತಿಳಿದುದು ಹನ್ನೊಂದನೆಯ ವಯಸ್ಸಿನಲ್ಲಿ. ನಮ್ಮ ಮಾವನ ಇದೇ ಕೋವಿ ಆಗ ಜಗಲಿಯ ಬಾಗಿಲ ಹಿಂದೆ ನಿಂತಿರುತ್ತಿತ್ತು. ಒಂದು ಮಧ್ಯಾಹ್ನ ಎಣ್ಣೆ ಹಚ್ಚಲೆಂದು ಅದನ್ನು ತೆಗೆದುಕೊಂಡ ಮನೆಯ ಆಳು, ತೋಟೆಯಿಲ್ಲವೆಂದು ತಿಳಿದು ಬಟ್ಟೆಯಿಂದ ಉಜ್ಜುತ್ತಿದ್ದ. ಕುದುರೆಗೆ ಬಟ್ಟೆ ಸಿಕ್ಕಿತು. ಅವನ ಎಡಗೈಯ ಎರಡು ಬೆರಳುಗಳು ಹೋದವು. ಜಗಲಿಯ ಕಂಬದಲ್ಲಿ ಚರೆಯ ಗುರುತು ಇಂದಿಗೂ ಇದೆ. ಹಿಂದಿನ ರಾತ್ರಿ ನಾಯಿ ಬೊಗಳಿತೆಂದು ತೋಟೆ ತುಂಬಿಸಿ, ಬೆಳಿಗ್ಗೆ ತೆಗೆಯಲು ಮರೆತವರು ಮಾವನವರೇ. ಕೊಲ್ಲುವ ಸಂಕಲ್ಪ ಯಾರಲ್ಲಿಯೂ ಇರಲಿಲ್ಲ. ಐವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಆ ಕೋವಿಯಿಂದ ಒಬ್ಬ ಕಳ್ಳನಿಗೂ ಗಾಯವಾಗಿಲ್ಲ, ಗಾಯವಾದದ್ದು ಅವನೊಬ್ಬನಿಗೆ. ಮಾವನವರು ಅವನ ಕುಟುಂಬಕ್ಕೆ ಗದ್ದೆ ಬಿಟ್ಟುಕೊಟ್ಟರು. ಆ ಪ್ರಸಂಗವನ್ನು ಮಾತ್ರ ಅವರೆದುರು ಯಾರೂ ಎತ್ತುತ್ತಿರಲಿಲ್ಲ.

ಬಸದಿಗಳ ಆಡಳಿತ ಮಂಡಳಿಯವರಿಗೂ ಒಂದು ಮಾತು. 2013ರ ಜುಲೈಯಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ಬಿಂಬಗಳು ಕಳವಾದಾಗ ಇಡೀ ಸಮಾಜ ತಲ್ಲಣಿಸಿತು. ಪೊಲೀಸರ ತನಿಖೆಯಿಂದ ಹೆಚ್ಚಿನವು ಮರಳಿ ದೊರೆತವು. ಅನಂತರ ನಾನಿರುವ ಸಮಿತಿಯೊಂದರಲ್ಲಿಯೂ ಬಂದೂಕುಧಾರಿ ಕಾವಲುಗಾರನನ್ನು ನೇಮಿಸುವ ಸೂಚನೆ ಬಂದಿತು. ಎರಡು ಗಂಟೆಗಳ ಚರ್ಚೆಯಲ್ಲಿ ಆಯುಧದ ಬಗ್ಗೆ ಎಲ್ಲರೂ ಮಾತನಾಡಿದರು. ಕಾವಲುಗಾರನಿಗೆ ರಾತ್ರಿ ನಿದ್ರೆ ಬಾರದಂತೆ ಪಾಳಿ ಹೇಗೆ, ಅವನ ಸಂಬಳವೆಷ್ಟು ಎಂಬುದನ್ನು ಕೇಳಿದವರು ಒಬ್ಬರೋ ಇಬ್ಬರೋ. 1368ರ ಲೆಕ್ಕ ತಿಳಿದವರಿಗೆ ಮೊದಲು ಹೊಳೆಯಬೇಕಾದುದು ಮನುಷ್ಯರ ಸಂಖ್ಯೆ. ಇನ್ನೊಂದು ಎಚ್ಚರಿಕೆ: ಉತ್ಸವ, ಮದುವೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸುವುದನ್ನು 2019ರ ತಿದ್ದುಪಡಿಯು ಧಾರ್ಮಿಕ ಸ್ಥಳಗಳನ್ನು ಹೆಸರಿಸಿಯೇ ಅಪರಾಧವಾಗಿಸಿದೆ, ಅಜಾಗರೂಕತೆಯಿಂದ ಇತರರಿಗೆ ಅಪಾಯ ತಂದೊಡ್ಡಿದವನಿಗೆ ಎರಡು ವರ್ಷಗಳವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು.

ದಶಲಕ್ಷಣ ಪರ್ವದ ಬಳಿಕ ಕುಟುಂಬ ಮತ್ತೆ ಸೇರಿತು. ನಾನು ಮೇಲಿನದನ್ನೆಲ್ಲ ಸಂಕ್ಷೇಪವಾಗಿ ಹೇಳಿ, ಮನೆಯ ಒಂಟಿತನವನ್ನು ನೋಡಿದರೆ ಹಳೆಯ ಕೋವಿಯನ್ನೇ ಉಳಿಸಿಕೊಳ್ಳುವುದರಲ್ಲಿ ದೋಷ ಕಾಣೆನೆಂದೂ ರಿವಾಲ್ವರ್ ಬೇಡವೆಂದೂ ಅಭಿಪ್ರಾಯಪಟ್ಟೆ. ಗೋಡೆಗೆ ಬಿಗಿದ ಕಬ್ಬಿಣದ ಕಪಾಟಿನಲ್ಲಿ ಕೋವಿ, ಬೇರೆ ಕೋಣೆಯಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ ತೋಟೆ, ಎರಡೂ ಬೀಗದ ಕೈ ಪರವಾನಗಿದಾರನ ಬಳಿಯಲ್ಲೇ ಎಂಬ ಕರಾರನ್ನೂ ಸೇರಿಸಿದೆ. 2016ರ ನಿಯಮಗಳಂತೆ, ಎಪ್ಪತ್ತು ವರ್ಷ ತುಂಬಿದ ಪರವಾನಗಿದಾರನ ವಾರಸುದಾರನು ಅದೇ ಆಯುಧಕ್ಕೆ ಅರ್ಜಿ ಹಾಕಬಹುದು. ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದ. ಭಾವನವರು ಒಪ್ಪಲಿಲ್ಲ.

“ನೀವು ಹೇಳುವುದೆಲ್ಲ ಶಾಸ್ತ್ರಕ್ಕೆ ಸರಿಯಿರಬಹುದು, ನನ್ನ ಮನಸ್ಸಿಗೆ ಸರಿಯಿಲ್ಲ” ಎಂದರು.

ಆಗ ಮಾವನವರು ಅಳಿಯನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು: “ನೀನು ಮಕ್ಕಳನ್ನು ನೋಡಲು ಬೆಂಗಳೂರಿಗೆ ಹೋದಾಗ ಇದು ಯಾರ ವಶ ಮಗಾ?”

ಅವನಲ್ಲಿ ಉತ್ತರವಿರಲಿಲ್ಲ. ಕಪಾಟಿನ ವಿಷಯವನ್ನು ಅಷ್ಟು ವಿವರವಾಗಿ ಹೇಳಿದ ನನ್ನಲ್ಲಿಯೂ ಇರಲಿಲ್ಲ. ಅವಧಿ ಮುಗಿಯುವ ಮುನ್ನವೇ ಕೋವಿಯನ್ನು ಪೇಟೆಯ ಪರವಾನಗಿ ಪಡೆದ ಆಯುಧ ವ್ಯಾಪಾರಿಯಲ್ಲಿ ಠೇವಣಿಯಿಟ್ಟು ರಸೀದಿ ಪಡೆದೆವು. ಅಳಿಯನ ಅರ್ಜಿ ಇನ್ನೂ ಕಚೇರಿಯಲ್ಲಿದೆ. ಪೊಲೀಸ್ ವರದಿ ಬರಬೇಕು. ಈ ಮಳೆಗಾಲವಿಡೀ ಆ ಮನೆಯಲ್ಲಿ ಕೋವಿಯಿರಲಿಲ್ಲ. ಹಿಂಬಾಗಿಲಿಗೆ ಹೊಸ ಅಗುಳಿ ಹಾಕಿಸಿದ್ದಾರೆ, ಅಂಗಳದಲ್ಲಿ ರಾತ್ರಿಯಿಡೀ ದೀಪವಿರುತ್ತದೆ. ಬೆರಳು ಕಳೆದುಕೊಂಡವನ ಮೊಮ್ಮಗ, ತಿಂಗಳಿಗಿಷ್ಟೆಂದು ಗೊತ್ತುಮಾಡಿಕೊಂಡು, ಜಗಲಿಯಲ್ಲಿ ಮಲಗುತ್ತಿದ್ದಾನೆ.